ಖಾಲಿ ಅಂಗಡಿ ತೋರಿಸುವ ಕಷ್ಟ

ಬಸ್ ನಿಲ್ದಾಣದ ಹಿಂದಿನ ಬೀದಿಯ ಹನ್ನೊಂದು ಅಂಗಡಿಗಳಿಗೂ ಲೆಕ್ಕ ಬರೆಯುತ್ತಿದ್ದವನು ಒಬ್ಬನೇ. ತಿಂಗಳ ಕೊನೆಗೆ ಒಂದೊಂದು ಬಾಗಿಲಲ್ಲೂ ನಿಂತು, ಒಳಗೆ ಕಾಲಿಡುವ ಮೊದಲೇ, "ಶಿಲ್ಕು ಎಷ್ಟು?" ಎಂದು ಕೇಳುತ್ತಿದ್ದ. ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿದದ್ದೆಷ್ಟು ಎಂದು ಅದರ ಅರ್ಥ. ಕೇಳಿ ಕೇಳಿ ಅವನಿಗೇ ಶಿಲ್ಕು ಎಂಬ ಹೆಸರು ಬಿದ್ದಿತ್ತು. ಆ ವರ್ಷ ಪ್ರಶ್ನೆ ಇತ್ತು, ಉತ್ತರ ಇರಲಿಲ್ಲ.

ಊರಿನ ದೊಡ್ಡ ಕಾರ್ಖಾನೆ ಮೂರು ಪಾಳಿಯಿಂದ ಒಂದಕ್ಕೆ ಇಳಿದಿತ್ತು. ಕಾರ್ಖಾನೆಯ ಕೆಲಸಕ್ಕೆಂದು ಬಂದು ತಂಗುವವರಿಲ್ಲದೆ ಹೋಟೆಲು ಎರಡು ಮಹಡಿಗೆ ಬೀಗ ಹಾಕಿತ್ತು. ಹೋಟೆಲಿನ ಹಾಸಿಗೆ ಬಟ್ಟೆ ನಿಂತುಹೋಗಿ ಶಿಲ್ಕುವಿನ ಅತ್ತಿಗೆಯ ಲಾಂಡ್ರಿ ಮಂಕಾಗಿತ್ತು. ಲಾಂಡ್ರಿಯ ಒಳಗೋಡೆಗೆ ಒತ್ತಿಕೊಂಡು ಹಬೆಯಿಂದ ಇಸ್ತ್ರಿ ಮಾಡುವ ಯಂತ್ರವೊಂದಿತ್ತು. ಮಂಚದಷ್ಟು ಅಗಲ, ಎರಡು ಕೈಯಲ್ಲಿ ಎಳೆದು ಮುಚ್ಚುವ ಮುಚ್ಚಳ. ಕಂತಿನ ಮೇಲೆ ತಂದದ್ದು. ಎರಡು ಕಂತು ಬಾಕಿ ಬಿದ್ದಿದ್ದವು. ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಯಂತ್ರವನ್ನು ಹೊತ್ತೊಯ್ಯುವುದಾಗಿ ಕಂಪನಿ ತಿಳಿಸಿತ್ತು. ಯಂತ್ರ ಹೋದರೆ ಲಾಂಡ್ರಿಯೂ ಹೋದಂತೆ. ಕೈ ಇಸ್ತ್ರಿಯಲ್ಲಿ ಆ ಅಂಗಡಿಯ ಬಾಡಿಗೆ ಹುಟ್ಟುವುದಿಲ್ಲ ಎಂಬುದನ್ನು ಶಿಲ್ಕು ಕೂಡಿ ಕಳೆದು ನೋಡಿದ್ದ.

ಆಗಲೇ ಸರ್ಕಾರ ಸಣ್ಣ ಅಂಗಡಿಗಳಿಗೆ ನೆರವು ಕೊಡುವ ಸುದ್ದಿ ಬಂತು. ವಹಿವಾಟು ಹಿಂದಿನ ವರ್ಷಕ್ಕಿಂತ ಮೂರರಲ್ಲಿ ಒಂದು ಪಾಲಾದರೂ ಬಿದ್ದಿರಬೇಕು, ಬಿದ್ದದ್ದಕ್ಕೆ ದಾಖಲೆ ಇರಬೇಕು. ಬಿದ್ದದ್ದು ಎಲ್ಲರಿಗೂ ಗೊತ್ತಿತ್ತು. ದಾಖಲೆಯೇ ತೊಡಕು.

"ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕಾ?" ಎಂದ ಕ್ಷೌರದಂಗಡಿಯವನು. ಬಾಯಿ ಮುಚ್ಚದವನಾದ್ದರಿಂದ ಅವನಿಗೆ ರೇಡಿಯೋ ಎಂದು ಹೆಸರು.

"ಸರ್ಕಾರಕ್ಕೆ ಕನ್ನಡಿ ಬೇಕು, ಅದರ ಎರಡು ಪ್ರತಿನೂ ಬೇಕು," ಎಂದ ಶಿಲ್ಕು. "ಕಳೆದ ವರ್ಷ ಎಷ್ಟು ಬ್ಲೇಡು ತಗೊಂಡೆ, ಈ ವರ್ಷ ಎಷ್ಟು? ಅಂಗಡಿಯವನ ಬಿಲ್ ಇದೆಯಾ?"

ಬ್ಲೇಡಿನ ಬಿಲ್ಲುಗಳಿಂದ ರೇಡಿಯೋನ ಗಿರಾಕಿಗಳ ಸಂಖ್ಯೆ ಸಿಕ್ಕಿತು. ದರ್ಜಿಯ ಅಳತೆ ಪುಸ್ತಕದಲ್ಲಿ ಬೆಲೆ ಇರಲಿಲ್ಲ, ಸೊಂಟಗಳಿದ್ದವು. ಶಿಲ್ಕು ಸೊಂಟಗಳನ್ನೇ ಎಣಿಸಿದ. ಸೈಕಲ್ ರಿಪೇರಿಯ ಮುದುಕನನ್ನು ಎಲ್ಲರೂ ಸೈಕಲ್ ಮಾವ ಎನ್ನುತ್ತಿದ್ದರು. ಅವನು ಲೆಕ್ಕವನ್ನೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿಡುತ್ತಿದ್ದ. ಶಿಲ್ಕು ಗೋಡೆಯ ಫೋಟೋ ತೆಗೆದ. ಹೀಗೆ ಹನ್ನೊಂದು ಅರ್ಜಿಗಳೂ ಹೋದವು. ಉಳಿದದ್ದು ಒಂದೇ. ಅಧಿಕಾರಿಯೊಬ್ಬರು ಬಂದು ಪ್ರತಿ ಅಂಗಡಿಯಲ್ಲೂ ಸ್ವಲ್ಪ ಹೊತ್ತು ನಿಂತು, ಕಣ್ಣಿಗೆ ಕಂಡ ವ್ಯಾಪಾರ ಅರ್ಜಿಯ ಲೆಕ್ಕಕ್ಕೆ ತಾಳೆಯಾಗುತ್ತದೋ ಇಲ್ಲವೋ ನೋಡಬೇಕಿತ್ತು.

ಶಿಲ್ಕು ಎಲ್ಲರನ್ನೂ ಲಾಂಡ್ರಿಯಲ್ಲಿ ಸೇರಿಸಿದ.

"ಗುರುವಾರ ಬೆಳಿಗ್ಗೆ ಬರ್ತಾರೆ. ನೀವು ಏನೂ ಮಾಡಬೇಡಿ. ಇದ್ದದ್ದು ಇದ್ದ ಹಾಗೇ ಇರಲಿ."

"ಗುಡಿಸಬಹುದಾ?" ಎಂದ ದರ್ಜಿ.

"ಗುಡಿಸಿ."

"ಬಣ್ಣ?"

"ಬಣ್ಣಗಿಣ್ಣ ಬೇಡ. ಇದ್ದ ಹಾಗೆ ಅಂದೆನಲ್ಲ?"

ಎಲ್ಲರೂ ತಲೆಯಾಡಿಸಿದರು. ಅಷ್ಟು ಬೇಗ ತಲೆಯಾಡಿಸಿದಾಗಲೇ ಅವನಿಗೆ ಅನುಮಾನ ಬರಬೇಕಿತ್ತು.

ಆ ಬೀದಿಗೊಂದು ಹಳೆಯ ಅಭ್ಯಾಸವಿತ್ತು. ನೋಡಿ ತೀರ್ಮಾನಿಸಲು ಹೊರಗಿನವರು ಯಾರೇ ಬರಲಿ, ಇಡೀ ಬೀದಿ ಒಂದು ಮನೆಯಾಗುತ್ತಿತ್ತು. ರೇಡಿಯೋನ ಮಗಳನ್ನು ನೋಡಲು ಗಂಡಿನವರು ಬಂದಾಗ ದರ್ಜಿಯ ಸೋಫಾ ಹೋಯಿತು, ಲಾಂಡ್ರಿಯ ಪರದೆ ಹೋಯಿತು, ಕೊನೆಗೆ ಅಜ್ಜಿಯೊಬ್ಬಳು ಇದ್ದರೆ ಮನೆ ತುಂಬಿದಂತಿರುತ್ತದೆ ಎಂದು ಅದೇ ಬೀದಿಯ ವೆಲ್ಡರನ ತಾಯಿಯೂ ಹೋದಳು. ಆಕೆ ಪಾತ್ರದಲ್ಲಿ ಎಷ್ಟು ಮುಳುಗಿದಳೆಂದರೆ, ಹುಡುಗ ತನಗೆ ಒಪ್ಪಿಗೆಯಿಲ್ಲ ಎಂದುಬಿಟ್ಟಳು. ಸಂಬಂಧ ಉಳಿಸಿಕೊಳ್ಳಲು ಒಂದು ವಾರ ಹಿಡಿಯಿತು.

ಅನುಮಾನ ಪಡಲು ಇನ್ನೊಂದು ಕಾರಣ ಅತ್ತಿಗೆಯದು. ಸಾಲ ಕೇಳಿದಾಗ ಬಂದಿದ್ದ ಬ್ಯಾಂಕಿನವನು ಲಾಂಡ್ರಿಯಲ್ಲಿ ಬಟ್ಟೆ ತೂಗುಹಾಕುವ ಸರಳುಗಳು ಖಾಲಿಯಿದ್ದದ್ದನ್ನು ನೋಡಿ, "ವ್ಯಾಪಾರ ಕಾಣ್ತಿಲ್ಲವಲ್ಲ" ಎಂದು ಹಾಗೇ ಹೋಗಿದ್ದ. ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು.

ಶಿಲ್ಕು ಹೋದ ಮೇಲೆ ಅವಳೇ ಮಾತು ತೆಗೆದಳು. "ನನ್ನ ಮೈದುನನಿಗೆ ಲೆಕ್ಕ ಗೊತ್ತು, ಲೋಕ ಗೊತ್ತಿಲ್ಲ. ಮುಳುಗೋ ದೋಣಿಗೆ ಯಾರಾದ್ರೂ ದುಡ್ಡು ಹಾಕ್ತಾರಾ?"

ಯಾರೂ ಹಾಕುವುದಿಲ್ಲ ಎಂದು ಬೀದಿ ಒಪ್ಪಿತು.

ಗುರುವಾರ ಶಿಲ್ಕು ಅಧಿಕಾರಿಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದ. ಬಂದವರು ಐವತ್ತು ದಾಟಿದ ಹೆಂಗಸು. ಓಡಾಡಿ ಸವೆದ ಬೂಟು, ಕೈಯಲ್ಲಿ ಮೂಲೆ ಒಡೆದ ಟ್ಯಾಬ್ಲೆಟ್. ಕಾಫಿ ಕುಡಿಯೋಣವೇ ಎಂದು ಅವನು ಕೇಳಿದ.

"ನೀರು ಕುಡೀತೀನಿ. ಅದಕ್ಕಿಂತ ಮೇಲೆ ಏನು ತಗೊಂಡರೂ ಕಚೇರಿಗೆ ಬರೆದು ತಿಳಿಸಬೇಕು," ಎಂದರು ಅವರು.

ತಿರುವು ದಾಟುತ್ತಲೇ ಶಿಲ್ಕುವಿಗೆ ದಾರಿ ತಪ್ಪಿತೇನೋ ಅನ್ನಿಸಿತು. ಸೈಕಲ್ ಮಾವನ ಮುಂದೆ ಸೈಕಲ್‌ಗಳು ಗೋಡೆಗೆ ಒರಗಿ ಬೀದಿಯ ಅರ್ಧ ಆಕ್ರಮಿಸಿದ್ದವು. ಒಂದರ ಬುಟ್ಟಿಯಲ್ಲಿ ದರ್ಜಿಯ ಹೆಂಡತಿಯ ಛತ್ರಿ ಇತ್ತು. ರೇಡಿಯೋನ ಅಂಗಡಿಯಲ್ಲಿ ಬೆಂಚು ತುಂಬಿತ್ತು. ಬೆಂಚಿನ ಮೇಲಿದ್ದವರಲ್ಲಿ ಒಬ್ಬನ ತಲೆಯಲ್ಲಿ ಕತ್ತರಿಸಲು ಒಂದು ಕೂದಲೂ ಇರಲಿಲ್ಲ. ಕುರ್ಚಿಯಲ್ಲಿ ವೆಲ್ಡರ್, ಮುಖದ ತುಂಬ ನೊರೆ.

"ಯಾವಾಗಲೂ ಇಷ್ಟು ಜನ ಇರ್ತಾರಾ?" ಎಂದರು ಅಧಿಕಾರಿ.

"ಇವತ್ತು ಕಮ್ಮಿ ಮೇಡಂ," ಎಂದ ರೇಡಿಯೋ. "ಕೆಲವು ದಿನ ನಿಲ್ಲೋಕೂ ಜಾಗ ಇರಲ್ಲ. ನನ್ನ ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ, ಬೇರೆಯವರದೇ ಆಗತ್ತೆ."

ಶಿಲ್ಕು ಅವನ ಹಿಂದೆ ನಿಂತು ಕಣ್ಣು ಮಿಟುಕಿಸಿದ, ತಲೆ ಅಲ್ಲಾಡಿಸಿದ, ಕತ್ತಿನ ಮೇಲೆ ಬೆರಳು ಎಳೆದು ತೋರಿಸಿದ. ರೇಡಿಯೋ ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನಷ್ಟು ಉಬ್ಬಿದ.

ಅಲ್ಲಿಂದ ದರ್ಜಿಯ ಅಂಗಡಿಗೆ ಹೋದರೆ, ಅಳತೆ ಕೊಡಲು ಕೈ ಚಾಚಿ ನಿಂತಿದ್ದವನು ಅದೇ ವೆಲ್ಡರ್. ಹಿತ್ತಿಲ ಓಣಿಯಲ್ಲಿ ಓಡಿಬಂದು ಏದುಸಿರು ಬಿಡುತ್ತಿದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ.

ಅಧಿಕಾರಿ ಅವನನ್ನು ಒಂದು ಕ್ಷಣ ನೋಡಿದರು. "ಅವಸರದಲ್ಲಿ ಇದ್ದ ಹಾಗಿದೆ."

"ಮದುವೆ ಇದೆ, ಮೇಡಂ."

"ಯಾರದು?"

"ಅದಿನ್ನೂ ಗೊತ್ತಾಗಿಲ್ಲ," ಎಂದ ವೆಲ್ಡರ್.

ಆಮೇಲೆ ಲಾಂಡ್ರಿಗೆ ಬಂದರು. ನೆಲದಿಂದ ಕಿಟಕಿಯ ತನಕ ಬಟ್ಟೆಯ ಗುಡ್ಡ. ಸರಳುಗಳು ಕೋಟುಗಳ ಭಾರಕ್ಕೆ ಬಾಗಿದ್ದವು. ಬೀದಿಯ ಅಷ್ಟೂ ಮನೆಗಳ ಪರದೆ, ಚಾದರ, ಅಂಗಿ, ಲಂಗ ಅಲ್ಲಿಗೆ ಬಂದಿದ್ದವು. ಅವನ ಅಣ್ಣ ಲಾಂಡ್ರಿಯ ಬಟ್ಟೆ ಸಾಗಿಸುವವನು, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅವನು ದೊಡ್ಡ ಗಂಟು ಹೊತ್ತು ಮುಂಬಾಗಿಲಿಂದ ಬಂದು, ಹಿಂಬಾಗಿಲಿಂದ ಹೋಗಿ, ಮತ್ತೆ ಅದೇ ಗಂಟಿನೊಡನೆ ಮುಂಬಾಗಿಲಿಂದ ಬರುತ್ತಿದ್ದ.

"ಇಷ್ಟೂ ಇವತ್ತಿನದ್ದಾ?" ಎಂದರು ಅಧಿಕಾರಿ.

"ಇದು ಬೆಳಿಗ್ಗೆದು," ಎಂದಳು ಅತ್ತಿಗೆ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ. "ಮಧ್ಯಾಹ್ನದ್ದು ಇನ್ನು ಬರಬೇಕು."

ಅಧಿಕಾರಿ ಟ್ಯಾಬ್ಲೆಟ್ ಎತ್ತಿದರು. ಶಿಲ್ಕು ಪಕ್ಕದಿಂದ ಇಣುಕಿದ. 'ಕಂಡ ವಹಿವಾಟು ಅರ್ಜಿಯ ಲೆಕ್ಕಕ್ಕೆ ಹೊಂದುತ್ತದೆಯೇ?' ಎಂದಿತ್ತು. ಕೆಳಗೆ ಎರಡು ಚೌಕ. ಅವರ ಬೆರಳು 'ಇಲ್ಲ' ಎಂಬುದರ ಕಡೆ ಸಾಗುತ್ತಿತ್ತು. 'ಇಲ್ಲ' ಎಂದರೆ ಅರ್ಜಿ ಮರುಪರಿಶೀಲನೆಗೆ ಹೋಗುತ್ತದೆ. ಅದಕ್ಕೆ ಕಡಿಮೆಯೆಂದರೂ ಮೂರು ತಿಂಗಳು. ಯಂತ್ರ ಇರುವುದು ಈ ತಿಂಗಳ ಕೊನೆಯ ತನಕ.

"ಮೇಡಂ, ಒಂದು ನಿಮಿಷ," ಎಂದ ಶಿಲ್ಕು. "ಆ ಗುಡ್ಡದ ಮೇಲಿರೋ ನೀಲಿ ಅಂಗಿ ನನ್ನದು."

ಅಣ್ಣ ಗಂಟಿನ ಸಮೇತ ಬಾಗಿಲಲ್ಲೇ ನಿಂತ.

"ಅದರ ಕೆಳಗಿನ ಪರದೆ ದರ್ಜಿ ಮನೇದು. ಆ ಕೋಟು ರೇಡಿಯೋದು, ಮದುವೇಲಿ ಹೊಲಿಸಿದ್ದು, ಈಗ ಗುಂಡಿ ಹಾಕೋಕೆ ಬರಲ್ಲ. ಇವರ ಕೈಯಲ್ಲಿರೋ ಗಂಟು ನಾನು ನೋಡ್ತಿದ್ದ ಹಾಗೇ ಮೂರು ಸಲ ಬಂತು. ಇವರು ನನ್ನ ಅಣ್ಣ, ಅವರು ಅತ್ತಿಗೆ. ಬೆಳಿಗ್ಗೆಯಿಂದ ನೀವು ನೋಡಿದ್ದೆಲ್ಲ ಸುಳ್ಳು. ನಾನು ಬರೆದ ಲೆಕ್ಕ ಮಾತ್ರ ನಿಜ."

"ನೀನು ನಮ್ಮ ಕಡೆಯೋನಾ ಅವರ ಕಡೆಯೋನಾ?" ಎಂದು ಅತ್ತಿಗೆ ಗುಡುಗಿದಳು.

"ಲೆಕ್ಕದ ಕಡೆಯೋನು."

"ಮಾನ ಮೂರು ಕಾಸಿಗೆ ಹರಾಜು ಹಾಕಿದೆಯಲ್ಲೋ!"

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತ ಕೇಳಿದ್ದೆ ಅತ್ತಿಗೆ. ನೀವು ಊರೋರ ಹೂವನ್ನೆಲ್ಲ ಸಾಲ ತಂದು ಮುಡಿದಿದ್ದೀರಿ."

ಅಧಿಕಾರಿ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತರು. ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಬೋರಲು ಇಟ್ಟರು. ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿ ಅತ್ತಿಗೆ ನೀರು ತರಲು ಓಡಿದಳು. ಅವರು ನಗುತ್ತಿದ್ದರು.

"ಎಷ್ಟು ಬೀದಿ ಸುತ್ತಿದೀನೋ ನನಗೇ ಗೊತ್ತಿಲ್ಲ," ಎಂದರು ಕಣ್ಣೊರೆಸಿಕೊಂಡು. "ಎಲ್ಲ ಕಡೆ ಸಾಮಾನು ಬಚ್ಚಿಟ್ಟು ಬಡವರ ಹಾಗೆ ಕೂತಿರ್ತಾರೆ. ಒಬ್ಬ ಪುಣ್ಯಾತ್ಮ ಅಂಗಡೀಲಿದ್ದ ಬಲ್ಬನ್ನೂ ಬಿಚ್ಚಿಟ್ಟಿದ್ದ. ನೆರವು ಕೇಳೋಕೆ ಸಾಹುಕಾರರ ವೇಷ ಹಾಕಿದೋರು ನೀವೇ ಮೊದಲು."

ಬಾಗಿಲಲ್ಲಿ ಸೇರಿದ್ದ ಬೀದಿ ನಗಬೇಕೋ ಬೇಡವೋ ತಿಳಿಯದೆ ನಿಂತಿತ್ತು.

"ಆದರೆ ನಗು ಬಂತು ಅಂತ 'ಲೆಕ್ಕಕ್ಕೆ ಹೊಂದತ್ತೆ' ಅಂತ ಬರೆಯೋಕಾಗಲ್ಲ," ಎಂದು ಅವರು ಎದ್ದರು. "ನಾನು ಕಂಡದ್ದನ್ನೇ ಬರೀಬೇಕು. ಪರಿಶೀಲನೆಗೆ ಅಡಚಣೆಯಾದರೆ ಅದೇ ದಿನ ಮತ್ತೊಂದು ಸಲ ಮಾಡಬಹುದು, ಅಷ್ಟಕ್ಕೆ ನಿಯಮ ಇದೆ. ಮಧ್ಯಾಹ್ನ ಊಟ ಮುಗಿಸಿ ಬರ್ತೀನಿ. ಅಡಚಣೆ ಏನು ಅಂತ ಬರೀಲಿ?"

ಎಲ್ಲರೂ ಯೋಚಿಸಿದರು.

"ಬಟ್ಟೆ ಅಡ್ಡ ಬಂತು ಅಂತ ಬರೀರಿ," ಎಂದ ಅಣ್ಣ. ಆ ದಿನ ಅವನಾಡಿದ ಮೊದಲ ಮಾತು ಅದು. ಅವರು ಹಾಗೆಯೇ ಬರೆದುಕೊಂಡರು.

ಮುಂದಿನದು ಸಂತೆ. ತಂದು ಸುರಿಯುವಾಗ ಯಾರೂ ಗುರುತು ಹಾಕಿರಲಿಲ್ಲ.

"ಈ ಚಾದರ ನಂದು!"

"ನಿಂದಾದ್ರೆ ಆ ತೂತು ಎಲ್ಲಿದೆ ಹೇಳು ನೋಡೋಣ."

"ಕಾಲಿನ ಕಡೆ."

"ಚಾದರಕ್ಕೆ ಕಾಲಿನ ಕಡೆ ಯಾವುದು ಮಾರಾಯ?"

ದರ್ಜಿ ಲಂಗವೊಂದನ್ನು ಎತ್ತಿ ಹಿಡಿದು, ಇದು ಯಾರದು ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅವನದೇ ಅತ್ತೆಯದು ಎಂದು ಹೆಂಡತಿ ಅವನ ಬೆನ್ನಿಗೊಂದು ಕೊಟ್ಟಳು. ಸೈಕಲ್‌ಗಳು ಹಿತ್ತಿಲುಗಳಿಗೆ ಮರಳಿದವು. ಬೋಳುತಲೆಯವನನ್ನು ರೇಡಿಯೋ ಬೆಂಚಿನಿಂದ ಎಬ್ಬಿಸಿದ. "ನಾಳೆ ಬರ್ಲಾ?" ಎಂದು ಅವನು ಆಸೆಯಿಂದ ಕೇಳಿದ. ವೆಲ್ಡರ್ ಮಾತ್ರ ಒಂದು ಕೆನ್ನೆ ಬಾಕಿ ಉಳಿಸಿಕೊಂಡು ಕುರ್ಚಿಯ ಸುತ್ತ ಸುಳಿದಾಡುತ್ತಿದ್ದ.

"ಉಳಿದದ್ದು ಮಾಡಿಬಿಡು."

"ಈಗ ಕೂತರೆ ನೀನು ಗಿರಾಕಿ ಆಗ್ತೀಯ," ಎಂದ ರೇಡಿಯೋ. "ಪರಿಶೀಲನೆ ಮುಗೀಲಿ. ಅಲ್ಲಿ ತನಕ ಆ ಕಡೆ ಮುಖ ತಿರುಗಿಸಿಕೊಂಡು ಓಡಾಡು."

ನೋಡನೋಡುತ್ತ ಲಾಂಡ್ರಿ ಖಾಲಿಯಾಯಿತು. ಸರಳುಗಳ ಮೇಲೆ ಐದು ಅಂಗಿ ಉಳಿದವು, ಅವು ನಿಜವಾದ ಗಿರಾಕಿಗಳದು. ಅತ್ತಿಗೆ ಯಂತ್ರದ ಮುಚ್ಚಳದ ಮೇಲೆ ಕೈಯಿಟ್ಟು ನಿಂತಳು. ಯಂತ್ರ ತಣ್ಣಗಿತ್ತು.

"ಮೈ ಮೇಲೆ ಬಟ್ಟೆ ಇಲ್ಲದೆ ನಿಂತ ಹಾಗಾಗತ್ತೆ ಕಣೋ," ಎಂದಳು.

"ಇವತ್ತು ಇಡೀ ಬೀದಿ ಹಾಗೇ ನಿಂತಿದೆ ಅತ್ತಿಗೆ. ಯಾರು ಯಾರನ್ನ ನೋಡಿ ನಗ್ತಾರೆ?"

"ಆ ಬ್ಯಾಂಕಿನೋನು ನೋಡಿದ ಹಾಗೇ ಇವರೂ ನೋಡಿದರೆ?"

ಶಿಲ್ಕು ಬಂದು ಅವಳ ಪಕ್ಕ ನಿಂತ.

ಮಧ್ಯಾಹ್ನ ಅಧಿಕಾರಿ ಬಂದರು. ರೇಡಿಯೋ ಖಾಲಿ ಕುರ್ಚಿಯ ಪಕ್ಕ ಕೈಕಟ್ಟಿ ನಿಂತಿದ್ದ. ಹುಟ್ಟಿದಂದಿನಿಂದ ಅಷ್ಟು ಹೊತ್ತು ಸುಮ್ಮನಿದ್ದುದು ಅದೇ ಮೊದಲು ಎಂದು ಆಮೇಲೆ ಅವನ ಹೆಂಡತಿ ಹೇಳಿದಳು. ದರ್ಜಿಯ ಯಂತ್ರಕ್ಕೆ ಮುಸುಕು ಹಾಕಿತ್ತು. ಸೈಕಲ್ ಮಾವನ ಮುಂದೆ ಮಾತ್ರ ಮೂವರು ನಿಂತಿದ್ದರು. ಹೋಗಿ ಅಂದರೂ ಹೋಗುತ್ತಿಲ್ಲ, ಇವರು ನಿಜವಾಗಿಯೂ ಪಂಕ್ಚರ್ ಆದವರು ಎಂದು ಮಾವ ಅಳುವಂತಾಗಿದ್ದ. ಅಧಿಕಾರಿ ಚಕ್ರಗಳನ್ನು ಒತ್ತಿ ನೋಡಿ ಬರೆದುಕೊಂಡರು.

ಲಾಂಡ್ರಿಯಲ್ಲಿ ಅವರು ಸ್ಟೂಲಿನ ಮೇಲೆ ಕುಳಿತರು. ಐದು ಅಂಗಿಗಳು ಗಾಳಿಗೆ ಅಲ್ಲಾಡಿದವು. ಅತ್ತಿಗೆ ನೆಲ ನೋಡುತ್ತಿದ್ದಳು. ಇನ್ನೇನು ಹೊತ್ತು ಮುಗಿಯಿತು ಎನ್ನುವಾಗ ಬೀದಿಯ ತುದಿಯಲ್ಲಿ ಒಬ್ಬ ಕಾಣಿಸಿಕೊಂಡ. ಕುಳ್ಳ ಮನುಷ್ಯ, ಎರಡು ಹೆಗಲಿಗೂ ಒಂದೊಂದು ಮೂಟೆ. ಮೂಟೆಯಿಂದ ಕೆಂಪು ಕೋಟಿನ ತೋಳೊಂದು ಹೊರಗೆ ಜೋತು ಹಿತ್ತಾಳೆ ಗುಂಡಿಗಳು ಮಿನುಗುತ್ತಿದ್ದವು. ಊರಿನ ಬ್ಯಾಂಡ್ ತಂಡದ ಮೇಷ್ಟ್ರು.

ರೇಡಿಯೋ ಬೀದಿಗೆ ಹಾರಿದ. "ಲಾಂಡ್ರಿ ಇವತ್ತು ರಜೆ!"

"ಬಾಗಿಲು ತೆರೆದಿದೆಯಲ್ಲ?"

"ಗಾಳಿಗೆ ತೆರೆದಿದೆ. ನಾಳೆ ಬನ್ನಿ, ನಾಡಿದ್ದು ಬನ್ನಿ, ಇವತ್ತೊಂದು ದಿನ ಬೇಡಿ."

"ನಾಳೆ ನಮ್ಮ ಕಾರ್ಯಕ್ರಮ ಇದೆ ಸ್ವಾಮಿ! ಇಡೀ ತಂಡದ ಬಟ್ಟೆ ಸುಕ್ಕು ಹಿಡಿದು ಕೂತಿದೆ."

ದರ್ಜಿಯೂ ಬಂದು ಮೇಷ್ಟ್ರ ಒಂದು ಮೂಟೆ ಹಿಡಿದು ಬಸ್ ನಿಲ್ದಾಣದ ಕಡೆಗೆ ತಿರುಗಿಸಿದ. ಅತ್ತಿಗೆ ಬಾಗಿಲಿಗೆ ಬಂದಳು. ಮೂಟೆಗಳನ್ನು ನೋಡಿದಳು, ಸ್ಟೂಲಿನ ಮೇಲಿದ್ದ ಅಧಿಕಾರಿಯನ್ನು ನೋಡಿದಳು, ಯಂತ್ರವನ್ನು ನೋಡಿದಳು. ಶಿಲ್ಕು ಬೇಡವೆಂದು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ.

"ರೇಡಿಯೋ, ಬಾಯಿ ಮುಚ್ಚು," ಎಂದಳು. "ಮೇಷ್ಟ್ರೇ, ಒಳಗೆ ಬನ್ನಿ. ಸರ್ಕಾರ ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ. ಬಾಗಿಲಿಗೆ ಬಂದ ಗಿರಾಕೀನ ಅಟ್ಟಿಬಿಟ್ಟು ಆ ಯಂತ್ರ ಉಳಿಸಿಕೊಂಡು ನಾನೇನು ಪೂಜೆ ಮಾಡ್ಲಾ?"

ಮೇಷ್ಟ್ರು ಒಳಬಂದು ಮೂಟೆ ಇಳಿಸಿದರು. ಅಧಿಕಾರಿ ಅವರನ್ನು ಬೂಟಿನಿಂದ ಟೋಪಿಯ ತನಕ ಅಳೆದರು. ಬೆಳಗಿನ ಅನುಭವ ಅವರಿಗೆ ಮರೆತಿರಲಿಲ್ಲ.

"ಇವರು ನಿಮಗೆ ಏನಾಗಬೇಕು? ಮಾವನಾ, ಚಿಕ್ಕಪ್ಪನಾ?"

"ದೇವರಾಣೆ ನಾನು ಇವರನ್ನ ನೋಡಿದ್ದೇ ಈಗ!" ಎಂದಳು ಅತ್ತಿಗೆ.

"ಬೆಳಿಗ್ಗೆ ಅವರೂ ಗಿರಾಕಿಯೇ ಆಗಿದ್ರು," ಎಂದು ಅಧಿಕಾರಿ ಬಾಗಿಲಲ್ಲಿದ್ದ ವೆಲ್ಡರನ ಗಡ್ಡದ ಕೆನ್ನೆಯನ್ನು ತೋರಿಸಿದರು.

ಮೇಷ್ಟ್ರಿಗೆ ಈ ಯಾವುದೂ ತಲೆಗೆ ಹೋಗಲಿಲ್ಲ. ಅವರ ಚಿಂತೆ ಬೇರೆ ಇತ್ತು. "ಒಂದು ಜೊತೆಗೆ ಎಷ್ಟು ತಗೋತೀರಿ?"

ಅತ್ತಿಗೆ ಹೇಳಿದಳು.

"ಅಷ್ಟಾ? ಹೊಲಿಸೋಕೇ ಅಷ್ಟು ಕೊಟ್ಟಿಲ್ಲ ನಾನು! ಗಡಿಯಾರದ ಬೀದೀಲಿ ಇದರ ಅರ್ಧಕ್ಕೆ ಮಾಡ್ತಾರೆ."

"ಅಲ್ಲಿಗೇ ಹೋಗಿ. ಗುಂಡಿ ಕರಗಿಸಿ ಕೊಡ್ತಾರೆ."

"ಡೋಲಿನೋನು ಸಣ್ಣಗಿದ್ದಾನೆ. ಅವನದಕ್ಕಾದರೂ ಕಮ್ಮಿ ಮಾಡಿ."

"ತುತ್ತೂರಿಯೋನು ದಪ್ಪ ಇದ್ದಾನಲ್ಲ, ಅವನದಕ್ಕೆ ಜಾಸ್ತಿ ಕೊಡ್ತೀರಾ?"

ಚೌಕಾಸಿ ಮೇಲೇರಿತು, ಕೆಳಗಿಳಿಯಿತು. ಮೇಷ್ಟ್ರು ಮೂಟೆಯೆತ್ತಿ ಎರಡು ಸಲ ಹೊರಗೆ ಹೆಜ್ಜೆ ಹಾಕಿದರು. ಅತ್ತಿಗೆ ಕರೆಯಲಿಲ್ಲ, ಅವರೇ ಮರಳಿದರು. ಕೊನೆಗೆ ಒಂದು ಬೆಲೆಗೆ ಇಬ್ಬರೂ ಸೋತವರಂತೆ ಮುಖ ಮಾಡಿ ಒಪ್ಪಿದರು.

ಅಧಿಕಾರಿ ಟ್ಯಾಬ್ಲೆಟ್ ಎತ್ತಿಕೊಂಡರು. "ಇವರು ಸಂಬಂಧಿಕರಲ್ಲ. ಸಂಬಂಧಿಕರಾಗಿದ್ದರೆ ಪುಕ್ಕಟೆ ಮಾಡಿಕೊಡಿ ಅಂತಿದ್ರು." ಅವರು ಗಟ್ಟಿಯಾಗಿ ಓದುತ್ತ ಬರೆದರು: "ಕಂಡ ಗಿರಾಕಿ, ಒಬ್ಬರು. ಸರಳಿನ ಮೇಲೆ ಐದು ಅಂಗಿ. ಅರ್ಜಿಯ ಲೆಕ್ಕಕ್ಕೆ ಹೊಂದುತ್ತದೆ."

"ಒಬ್ಬ ಗಿರಾಕಿ ಬಂದರೆ ನೆರವು ತಪ್ಪಲ್ವಾ?" ಎಂದಳು ಅತ್ತಿಗೆ.

"ಅಮ್ಮ, ಗಿರಾಕಿಯೇ ಬರಬಾರದು ಅಂದರೆ ಸರ್ಕಾರ ನಿಮಗೆ ಅಂಗಡಿ ಮುಚ್ಚೋಕೆ ದುಡ್ಡು ಕೊಟ್ಟ ಹಾಗಾಗತ್ತೆ. ನಿಮ್ಮ ಮೈದುನ ಬರೆದದ್ದರಲ್ಲಿ ದಿನಕ್ಕೆ ಹತ್ತಿಪ್ಪತ್ತು ಬಟ್ಟೆ ಅಂತಲೇ ಇದೆ. ಇದ್ದದ್ದನ್ನ ಇದ್ದ ಹಾಗೆ ತೋರಿಸಿ ಅಂತ ನಿಮಗೆ ಯಾರೂ ಹೇಳಲಿಲ್ವಾ?"

ಶಿಲ್ಕು ಚಾವಣಿ ನೋಡಿದ. ಅತ್ತಿಗೆ ಯಂತ್ರದ ಗುಂಡಿ ಒತ್ತಿ, ಮೂಟೆ ಬಿಚ್ಚುವುದರಲ್ಲಿ ಕಿವಿ ಕೇಳಿಸದವಳಾದಳು. ಹಿಂದೆ ವೆಲ್ಡರ್ ಕ್ಷೌರದ ಕುರ್ಚಿಗೆ ಓಡಿದ ಸದ್ದು ಕೇಳಿಸಿತು.

ನೆರವು ಹತ್ತು ಅಂಗಡಿಗಳಿಗೆ ಬಂತು. ಸೈಕಲ್ ಮಾವನ ಅರ್ಜಿ ಮಾತ್ರ ಬಿದ್ದುಹೋಯಿತು. ಬಸ್ಸಿಗೆ ದುಡ್ಡು ಕೊಡಲಾಗದವರೆಲ್ಲ ಅಟ್ಟದ ಮೇಲಿನ ಹಳೆಯ ಸೈಕಲ್ ಇಳಿಸಿದ್ದರಿಂದ ಕೊನೆಯ ತಿಂಗಳುಗಳಲ್ಲಿ ಅವನ ವ್ಯಾಪಾರ ಏರಿತ್ತು. ಒಂದು ದಿನ ಅವನು ಯಾರೊಡನೆಯೂ ಮಾತಾಡಲಿಲ್ಲ. ಮರುದಿನದಿಂದ, ಇಡೀ ಬೀದಿಯಲ್ಲಿ ಲಾಭದಲ್ಲಿರುವುದು ತಾನೊಬ್ಬನೇ, ಸರ್ಕಾರವೇ ಬರೆದುಕೊಟ್ಟಿದೆ ಎಂದು ಆ ಪತ್ರವನ್ನು ಗೋಡೆಗೆ ಅಂಟಿಸಿ ಬಂದವರಿಗೆಲ್ಲ ತೋರಿಸತೊಡಗಿದ.

ತಿಂಗಳ ಕೊನೆಯ ದಿನ ಬೆಳಿಗ್ಗೆ ಶಿಲ್ಕುವೇ ಹೋಗಿ ಎರಡು ಕಂತನ್ನೂ ಕಟ್ಟಿ ರಸೀದಿ ತಂದ. ಕಂಪನಿಯ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಆ ಸುದ್ದಿ ತಲುಪಿರಲಿಲ್ಲ. ಮಧ್ಯಾಹ್ನ ಸಣ್ಣ ಲಾರಿಯೊಂದು ಬಂದು ಲಾಂಡ್ರಿಯ ಮುಂದೆ ನಿಂತಿತು. ಇಬ್ಬರು ಗಟ್ಟಿ ಆಳುಗಳು ಹಗ್ಗ, ಹಲಗೆ, ಚಕ್ರದ ಪೀಠ ಹಿಡಿದು ಇಳಿದರು.

ಅತ್ತಿಗೆ ಅವರ ಮೂಗಿನ ಮುಂದೆ ರಸೀದಿ ಹಿಡಿದಳು. ಅವರು ಓದಿದರು. ಒಬ್ಬ ಕಚೇರಿಗೆ ಫೋನ್ ಮಾಡಿ, ಹೌದು ಎನ್ನಿಸಿಕೊಂಡು, ಹಗ್ಗ ಸುತ್ತಿಕೊಳ್ಳತೊಡಗಿದ.

"ಹೊರಟ್ರಾ? ನಿಲ್ಲಿ ನಿಲ್ಲಿ," ಎಂದಳು ಅವಳು. "ಇಷ್ಟು ದೂರ ಹಗ್ಗ ಹೊತ್ತು ಬಂದಿದ್ದೀರಿ. ಈ ಯಂತ್ರ ತಂದ ದಿನದಿಂದ ಗೋಡೆಗೆ ಅಂಟಿಕೊಂಡು ಕೂತಿದೆ, ಸೆಕೆಗೆ ನಾನು ಬೆಂದು ಹೋದೆ. ನನ್ನ ಗಂಡ, ಮೈದುನ ಇಬ್ಬರೂ ಸೇರಿ ಒಂದು ಗೇಣು ಅಲ್ಲಾಡಿಸೋಕಾಗಿಲ್ಲ. ಅದನ್ನ ಕಿಟಕಿ ಪಕ್ಕಕ್ಕೆ ಸರಿಸಿಕೊಟ್ಟು ಹೋಗಿ."

ಆಳುಗಳು ಮುಖ ಮುಖ ನೋಡಿಕೊಂಡರು.

"ಅಮ್ಮ, ನಾವು ತಗೊಂಡು ಹೋಗೋಕೆ ಬಂದೋರು."

"ತಗೊಂಡೇ ಹೋಗಿ. ಕಿಟಕಿ ತನಕ."

ಅವರು ಹಗ್ಗ ಬಿಗಿದರು. ದರ್ಜಿ ಹಲಗೆ ಹಿಡಿದ, ರೇಡಿಯೋ ಹೇಗೆ ಎಳೆಯಬೇಕೆಂದು ಹೇಳಿಕೊಟ್ಟ, ಅಣ್ಣ ಹಿಂದಿನಿಂದ ಒತ್ತಿದ. ಯಂತ್ರ ಕಿರುಗುಟ್ಟುತ್ತ ಒಂದೊಂದೇ ಅಂಗುಲ ಬೆಳಕಿಗೆ ಬಂತು. ಗೋಡೆಯ ಮೇಲೆ ಅದರ ಆಕಾರದ ಬಿಳಿ ಚೌಕ ಉಳಿಯಿತು. ಅತ್ತಿಗೆ ಕಿಟಕಿಯ ಎರಡೂ ಬಾಗಿಲು ತಳ್ಳಿದಳು. ಗುಂಡಿ ಒತ್ತಿ, ಆ ಆಳುಗಳಿಬ್ಬರ ಬೆವರಿನ ಜಾಕೆಟ್ ಬಿಚ್ಚಿಸಿಕೊಂಡು ಮುಚ್ಚಳ ಎಳೆದಳು. ಹಬೆ ಕಿಟಕಿಯಿಂದ ಬೀದಿಗೆ ನುಗ್ಗಿತು.

"ಎಷ್ಟು ಕೊಡಬೇಕು?" ಎಂದ ಒಬ್ಬ, ಇಸ್ತ್ರಿಯಾದ ಜಾಕೆಟ್ ತೊಟ್ಟುಕೊಳ್ಳುತ್ತ.

"ಕಂಪನಿಯೋರಿಗೆ ಮಾಮೂಲಿ ದರ," ಎಂದಳು ಅತ್ತಿಗೆ.